ಟಗರು ಮೈ ಕೊಡವಿದರೆ ಒಪ್ಪಿಗೆಯೇ?

ಹರಕೆಯ ಟಗರಿನ ಬೆನ್ನಿಗೂ ಕಿವಿಗೂ ನೀರು ಚಿಮುಕಿಸಿ, ಅದು ಮೈ ಕೊಡವಿದ ಮೇಲೆಯೇ ಕೊಯ್ಯುವ ರೂಢಿ ಹಲವೆಡೆ ಇದೆ. ಕೊಡವಿದರೆ ದೇವಿ ಒಪ್ಪಿದಳು ಎಂದು ನಂಬಿಕೆ. ದೇಹ ಮಾಡುವುದು ಬೇರೆ ಲೆಕ್ಕ. ಕೂದಲ ಬುಡದ ಸೂಕ್ಷ್ಮ ನರತಂತುಗಳಿಗೆ ನೀರು ತಾಕಿದರೆ ಸುದ್ದಿ ಬೆನ್ನುಹುರಿಯಿಂದ ಮಿದುಳಿಗೆ ಹೋಗಿ ಮೈ ತಾನಾಗಿ ಅದುರುತ್ತದೆ. 2024ರಲ್ಲಿ ಇಲಿಗಳ ಮೇಲಿನ ಅಧ್ಯಯನವೊಂದು ಈ ದಾರಿಯನ್ನು ಗುರುತಿಸಿತು. ತೊಂದರೆ ನಂಬಿಕೆಯದ್ದಲ್ಲ, ಕಾಯುವ ಹೊತ್ತಿನದ್ದು. ಹಿಂಡಿನಿಂದ ಬೇರ್ಪಟ್ಟು, ಡೊಳ್ಳು, ಹಲಗೆಯ ಸದ್ದಿಗೆ ಬೆದರಿದ ಕುರಿ ಸೆಟೆದು ನಿಂತುಬಿಡಬಹುದು. ಕೊಡವಲಿಲ್ಲವೆಂದು ಮತ್ತೊಂದು ಚೊಂಬು ನೀರು, ಮತ್ತೊಂದಿಷ್ಟು ಕೂಗು.

ಅಂಜಿ ಒದ್ದಾಡಿದ ಪ್ರಾಣಿಯ ಸ್ನಾಯುವಿನಲ್ಲಿದ್ದ ಗ್ಲೈಕೋಜನ್, ಅಂದರೆ ಕೂಡಿಟ್ಟ ಸಕ್ಕರೆಯ ದಾಸ್ತಾನು, ಮೊದಲೇ ಖರ್ಚಾಗುತ್ತದೆ. ಕೊಯ್ದ ಮೇಲೆ ಲ್ಯಾಕ್ಟಿಕ್ ಆಮ್ಲ ಆಗಬೇಕಾದದ್ದು ಅದರಿಂದಲೇ. ಆಮ್ಲ ಸಾಕಷ್ಟಾದರೆ ಮಾಂಸದ ಪಿಎಚ್ (ಹುಳಿಯ ಅಳತೆ, ಹುಳಿ ಹೆಚ್ಚಿದಷ್ಟೂ ಅಂಕಿ ಕಡಿಮೆ) 7ರಿಂದ 5.6ರ ಸುತ್ತ ಇಳಿಯುತ್ತದೆ. ಇಲ್ಲವಾದರೆ 6ರ ಮೇಲೆಯೇ ನಿಲ್ಲುತ್ತದೆ. ಖಂಡ ಕಪ್ಪಾಗಿ, ಅಂಟಂಟಾಗಿ, ಬೇಗ ಕೆಡುತ್ತದೆ. ದೂರೆಲ್ಲ ಬಿಸಿಲಿನ ಮೇಲೆ!

ಇನ್ನು ಕತ್ತಿ. ಅಲಗು ಕುತ್ತಿಗೆಯ ಅಗಲದ ಎರಡರಷ್ಟಿರಬೇಕು, 12 ಸೆಂ.ಮೀ. ಕುತ್ತಿಗೆಗೆ 25 ಸೆಂ.ಮೀ. ಸಾಲುತ್ತದೆ. ಗಿಡ್ಡ ಚಾಕುವಿನ ತುದಿ ಗಾಯದೊಳಗೆ ಚುಚ್ಚುತ್ತದೆ. ಹರಿತ ನೋಡಲು ಒಂದು ಹಾಳೆಯನ್ನು ಎರಡು ಬೆರಳಲ್ಲಿ ಇಳಿಬಿಟ್ಟು ಕೊಯ್ಯಿರಿ: ಸಲೀಸಾಗಿ ಸೀಳಿದರೆ ಸರಿ, ಎಲ್ಲಾದರೂ ತಡವರಿಸಿದರೆ ಅಲ್ಲಿ ಅಲಗು ಮುಕ್ಕಾಗಿದೆ. ಡೆಕ್ಕನಿ ಕುರಿಯ ಒರಟು ಉಣ್ಣೆಯಲ್ಲಿ ಮಣ್ಣು, ಮುಳ್ಳು ಸಿಕ್ಕಿರುತ್ತವೆ. ಎಂಥ ಹರಿತವೂ ಅಲ್ಲೇ ಮೊಂಡಾಗುವುದರಿಂದ ಗಂಟಲ ಭಾಗದ ಉಣ್ಣೆಯನ್ನು ಹಿಂದಿನ ದಿನವೇ ಕತ್ತರಿಸಿಡಬೇಕು. ಮಸೆಯುವುದು ಪ್ರಾಣಿಯ ಕಣ್ಣೆದುರು ಬೇಡ. ಬಕ್ರೀದ್ ಕುರ್ಬಾನಿ ಮಾಡುವವರಿಗೆ ಇದು ಹೊಸ ಮಾತೇನಲ್ಲ, ಅವರ ಧರ್ಮದ ಕಟ್ಟಳೆಯಲ್ಲೇ ಇದೆ.

ಗಂಟಲ ಕಡೆಯಿಂದ ಒಂದೇ ಎಳೆತಕ್ಕೆ ಎರಡೂ ಬದಿಯ ರಕ್ತನಾಳ ತುಂಡಾದರೆ ಕುರಿ, ಆಡುಗಳಿಗೆ ಸಾಮಾನ್ಯವಾಗಿ 20 ಸೆಕೆಂಡಿನೊಳಗೆ ಪ್ರಜ್ಞೆ ತಪ್ಪುತ್ತದೆ. ದನಗಳ ಮಾತು ಬೇರೆ: ಕತ್ತಿನ ಮೂಳೆಯೊಳಗಿನ ರಕ್ತನಾಳದಿಂದಲೂ ಮಿದುಳಿಗೆ ರಕ್ತ ಹೋಗುತ್ತದೆ, ತುಂಡಾದ ನಾಳದ ಬಾಯಿ ಊದಿ ಮುಚ್ಚಿಕೊಳ್ಳುವುದೂ ಉಂಟು. ಆಗ ಒಂದು ನಿಮಿಷ ಮೀರಿಯೂ ಪ್ರಜ್ಞೆ ಉಳಿಯಬಹುದು.

ಕತ್ತಿನ ಮೇಲಿಂದ ಹೊಡೆಯುವ ಪದ್ಧತಿಯಲ್ಲಿ ಜನರ ಕಣ್ಣು ಸಂಪೂರ್ಣ ಮೋಸಹೋಗುತ್ತದೆ. ಏಟು ಅರ್ಧಕ್ಕೆ ನಿಂತು ಬೆನ್ನುಹುರಿ ಮಾತ್ರ ಕಡಿದರೆ ಪ್ರಾಣಿ ಕುಸಿದು ಸುಮ್ಮನಾಗುತ್ತದೆ. ನೋವಿಲ್ಲದೆ ಹೋಯಿತು ಅನ್ನುತ್ತಾರೆ. ಗಂಟಲ ನಾಳಗಳು ಇನ್ನೂ ಮಿದುಳಿಗೆ ರಕ್ತ ಒಯ್ಯುತ್ತಿರುತ್ತವೆ. ಸೋತಿರುವುದು ಮೈ, ಅರಿವಲ್ಲ. ದಪ್ಪ ಕತ್ತಿನ ಕೋಣದಲ್ಲಿ ಈ ಅಪಾಯ ಹೆಚ್ಚು. ಅತ್ತ, ಸರಿಯಾಗಿ ಕೊಯ್ದ ಟಗರು ಪ್ರಜ್ಞೆ ಹೋದ ಮೇಲೂ ಕಾಲು ಝಾಡಿಸುತ್ತದೆ, ಅದು ಬೆನ್ನುಹುರಿಯ ಆಟ ಅಷ್ಟೇ. ಕಾಲು ನೋಡಬೇಡಿ, ಕಣ್ಣು ನೋಡಿ: ಕಣ್ಣುಗುಡ್ಡೆಯನ್ನು ಮೆಲ್ಲಗೆ ಮುಟ್ಟಿದಾಗ ರೆಪ್ಪೆ ಅಲುಗಬಾರದು, ಲಯಬದ್ಧ ಉಸಿರಾಟವೂ ನಿಂತಿರಬೇಕು. ಅಲ್ಲಿಯವರೆಗೆ ಚರ್ಮಕ್ಕೆ ಚಾಕು ಹಚ್ಚಬಾರದು.

ಕಾನೂನು ಎರಡು ಕಡೆಯಿಂದ ಬರುತ್ತದೆ. ದೇವಸ್ಥಾನ ಮತ್ತು ಅದರ ಆವರಣದಲ್ಲಿ ಬಲಿಯನ್ನು ರಾಜ್ಯದ 1959ರ ಕಾಯ್ದೆ ನಿಷೇಧಿಸಿದೆ. ಕೇಂದ್ರದ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 28ನೇ ಕಲಂ ಧರ್ಮಕ್ಕೆ ಬೇಕಾದ ರೀತಿಯಲ್ಲಿ ಕೊಲ್ಲುವುದನ್ನು ಅಪರಾಧವೆನ್ನುವುದಿಲ್ಲ. ಆದರೆ ವಿನಾಯಿತಿ ಕೊಲ್ಲುವ ರೀತಿಗೆ ಮಾತ್ರ, ರಾಣೆಬೆನ್ನೂರಿನ ಸಂತೆಯಿಂದ ಹುಬ್ಬಳ್ಳಿವರೆಗೆ ಕಾಲು ಕಟ್ಟಿ ಟಂಟಂನಲ್ಲಿ ಕೆಡವಿಕೊಂಡು ಬರುವುದಕ್ಕಲ್ಲ. ಅಡ್ಡ ಬಿದ್ದ ಮೆಲುಕು ಹಾಕುವ ಪ್ರಾಣಿಗೆ ತೇಗಲಾಗದು. ಹೊಟ್ಟೆಯಲ್ಲಿ ಗಾಳಿ ತುಂಬಿ ಉಸಿರಿಗೆ ಒತ್ತುತ್ತದೆ. ನಿಲ್ಲಿಸಿಯೇ ತರಬೇಕು. ಮೇವನ್ನು ಹಿಂದಿನ ರಾತ್ರಿ ನಿಲ್ಲಿಸಬಹುದು, ನೀರನ್ನಲ್ಲ.

ಒಂದರೆದುರು ಇನ್ನೊಂದನ್ನು ಕೊಯ್ಯಬಾರದೆಂದು ಕಸಾಯಿಖಾನೆಗಳ 2001ರ ನಿಯಮವೂ ಹೇಳುತ್ತದೆ. ನಡುವೆ ಒಂದು ತಾಡಪತ್ರೆ ಕಟ್ಟಿದರಾಯಿತು. ಆಚೆ ಬದಿ ಕೊನೆಗೆ ಒಂದೇ ಟಗರು ಉಳಿದರೆ ಅದು ಒಂಟಿತನಕ್ಕೇ ಗಾಬರಿಬೀಳುತ್ತದೆ, ಹಾಗಾಗಿ ಕೊಯ್ಯದ ಒಂದು ಕುರಿಯನ್ನು ಜೊತೆಗೆ ಕಟ್ಟಿರಬೇಕು.