ಎದೆ ಡವಡವ ಅಂದಾಗ: ಪ್ಯಾನಿಕ್ ಚಿಕಿತ್ಸೆ ನಡೆದು ಬಂದ ದಾರಿ

1989ರಲ್ಲಿ ಅಮೆರಿಕದ ಮೂವರು ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಪ್ಯಾನಿಕ್ ಅಟ್ಯಾಕ್ (ಇದ್ದಕ್ಕಿದ್ದಂತೆ ಎದೆ ಬಡಿತ, ಏದುಸಿರು, ಸಾವಿನ ಭಯ ಏರಿ ಬರುವುದು) ಆಗುತ್ತಿದ್ದ 20 ಜನರಿಗೆ ಮಾಸ್ಕ್ ಹಾಕಿ, ಶೇ 5.5ರಷ್ಟು ಕಾರ್ಬನ್ ಡೈಆಕ್ಸೈಡ್ ಬೆರೆತ ಗಾಳಿಯನ್ನು 15 ನಿಮಿಷ ಉಸಿರಾಡಲು ಕೊಟ್ಟಿದ್ದರು. ಅಂಥ ಗಾಳಿ ಕುಡಿದರೆ ಯಾರಿಗಾದರೂ ಏದುಸಿರು ಬರುತ್ತದೆ, ಎದೆ ಬಡಿತ ಏರುತ್ತದೆ. ಅವರ ಮುಂದೆ ಒಂದು ದೀಪ, ಒಂದು ಡಯಲ್ ಇತ್ತು. 'ದೀಪ ಹತ್ತಿದಾಗ ಡಯಲ್ ತಿರುಗಿಸಿದರೆ ಗ್ಯಾಸ್ ಕಡಿಮೆಯಾಗುತ್ತದೆ' ಎಂದು ಹೇಳಿದ್ದರು. ಹತ್ತು ಜನರಿಗೆ ದೀಪ ಹತ್ತಿತು, ಉಳಿದ ಹತ್ತು ಜನರಿಗೆ ಹತ್ತಲಿಲ್ಲ. ನಿಜಕ್ಕೂ ಆ ಡಯಲ್ ತಿರುಗಿಸಿದರೆ ಏನೂ ಆಗುತ್ತಿರಲಿಲ್ಲ. ಗ್ಯಾಸ್ ಎಲ್ಲರಿಗೂ ಒಂದೇ ಪ್ರಮಾಣದಲ್ಲಿ ಬರುತ್ತಿತ್ತು.

ದೀಪ ಹತ್ತದ ಗುಂಪಿನಲ್ಲಿ ಎಂಟು ಜನರಿಗೆ ಪ್ಯಾನಿಕ್ ಆಯಿತು. ಹತ್ತಿದ ಗುಂಪಿನಲ್ಲಿ ಇಬ್ಬರಿಗೆ ಮಾತ್ರ.

ಉಸಿರಾಡಿದ ಗಾಳಿ ಒಂದೇ, ಆದರೆ ಅನುಭವ ಬೇರೆ. 'ನನ್ನ ಕೈಯಲ್ಲಿ ಇದೆ' ಎಂಬ ನಂಬಿಕೆ ಅಷ್ಟು ದೊಡ್ಡ ವ್ಯತ್ಯಾಸ ಮಾಡಿತ್ತು. ಹಾಗಂತ ಇದು ಬರೀ ಮನಸ್ಸಿನ ಕಲ್ಪನೆ ಎಂದಲ್ಲ. ಎದೆ ನಿಜಕ್ಕೂ ಬಡಿಯುತ್ತದೆ, ಬೆವರು ನಿಜಕ್ಕೂ ಸುರಿಯುತ್ತದೆ. ಆ ಬಡಿತದ ಬಗ್ಗೆ ನಾವು ಏನು ಅಂದುಕೊಳ್ಳುತ್ತೇವೆ ಎನ್ನುವುದೂ ರೋಗದ ಒಂದು ಭಾಗ. ಇಷ್ಟು ತಿಳಿಯಲು ವೈದ್ಯಲೋಕಕ್ಕೆ ನೂರಕ್ಕೂ ಹೆಚ್ಚು ವರ್ಷ ಬೇಕಾಯಿತು.

ಶುರುವಿನಲ್ಲಿ ಎಲ್ಲರೂ ನೋಡಿದ್ದು ಹೃದಯವನ್ನೇ. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಫಿಲಡೆಲ್ಫಿಯಾದ ವೈದ್ಯ ಜೇಕಬ್ ಮೆಂಡೆಸ್ ಡಕೋಸ್ಟಾ, ಎದೆನೋವು, ಏದುಸಿರು, ವಿಪರೀತ ಬಡಿತ ಎಂದು ಬರುತ್ತಿದ್ದ ಸೈನಿಕರನ್ನು ಪರೀಕ್ಷಿಸಿದರು. ಹೃದಯದಲ್ಲಿ ಅದಕ್ಕೆ ತಕ್ಕ ದೋಷ ಕಾಣುತ್ತಿರಲಿಲ್ಲ. 1871ರಲ್ಲಿ ಅವರು ಇದನ್ನು 'ಕೆರಳಿದ ಹೃದಯ' ಎಂದು ಕರೆದು ಬರೆದರು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಬರ್ಲಿನ್‌ನಲ್ಲಿ ಕಾರ್ಲ್ ವೆಸ್ಟ್‌ಫಾಲ್, ಬಯಲಾದ ಚೌಕ ದಾಟಲು ಹೆದರುವವರ ಬಗ್ಗೆ ಬರೆದು ಅದಕ್ಕೆ ಅಗೊರಾಫೋಬಿಯಾ ಎಂದು ಹೆಸರಿಟ್ಟರು. ಎರಡೂ ಒಂದಕ್ಕೊಂದು ನಂಟಿರುವ ತೊಂದರೆಗಳು ಎಂದು ಆಗ ಯಾರಿಗೂ ಹೊಳೆಯಲಿಲ್ಲ. ಒಂದು ಹೃದಯದ ಡಾಕ್ಟರ ಪಾಲಾಯಿತು, ಇನ್ನೊಂದು ಮನೋವೈದ್ಯರ ಪಾಲಾಯಿತು.

ಮೊದಲ ಮಹಾಯುದ್ಧದಲ್ಲಿ ಮತ್ತೆ ಸಾವಿರಾರು ಸೈನಿಕರಿಗೆ ಇದೇ ಕಾಟ. ಬ್ರಿಟನ್‌ನ ಹೃದಯತಜ್ಞ ಥಾಮಸ್ ಲೂಯಿಸ್, ಈ ಸೈನಿಕರನ್ನು ಹಾಸಿಗೆಯಲ್ಲಿ ಮಲಗಿಸಿಡುವ ಬದಲು ಸ್ವಲ್ಪಸ್ವಲ್ಪವೇ ಹೆಚ್ಚಾಗುವ ಡ್ರಿಲ್ ಮಾಡಿಸಿದರು. ಕಾರಣದ ಬಗ್ಗೆ ಅವರ ವಿವರಣೆ ಇಂದಿನದ್ದಲ್ಲ. ಆದರೆ ಹೆದರಿದವರನ್ನು ಸುಮ್ನೆ ಮಲಗಿಸಬಾರದು ಎಂಬ ಅವರ ಅಂದಾಜು ಸರಿಯಾಗಿತ್ತು ಅಂತ ನನಗನ್ನಿಸುತ್ತದೆ.

ನಡವಳಿಕೆಯ ಕಡೆಯಿಂದ ಬಂದ ದಾರಿ ಬೇರೆಯೇ. 1924ರಲ್ಲಿ ಮೇರಿ ಕವರ್ ಜೋನ್ಸ್ ಎಂಬ ಯುವ ಸಂಶೋಧಕಿ, ಮೊಲ ಕಂಡರೆ ಹೆದರುತ್ತಿದ್ದ ಪೀಟರ್ ಎಂಬ ಪುಟ್ಟ ಹುಡುಗನ ಕಥೆ ಪ್ರಕಟಿಸಿದರು. ಅವನು ಇಷ್ಟದ ತಿಂಡಿ ತಿನ್ನುತ್ತಿರುವಾಗ ಮೊಲದ ಪಂಜರವನ್ನು ದೂರದಲ್ಲಿಟ್ಟು, ಮೆಲ್ಲಮೆಲ್ಲಗೆ ಹತ್ತಿರ ತಂದರು. ಕೊನೆಗೆ ಹುಡುಗ ಮೊಲವನ್ನು ಮುಟ್ಟಿ ಆಡಿಸಿದ. ಇದಕ್ಕೆ ನಾಲ್ಕು ವರ್ಷ ಮೊದಲು ಮನಶ್ಶಾಸ್ತ್ರಜ್ಞ ಜಾನ್ ವಾಟ್ಸನ್ ಒಂದು ಮಗುವಿಗೆ ಬೇಕಂತಲೇ ಭಯ ಕಲಿಸಿ ಲೋಕಪ್ರಸಿದ್ಧರಾಗಿದ್ದರು. ಭಯ ಬಿಡಿಸಿದ ಜೋನ್ಸ್ ಅವರ ಕೆಲಸವನ್ನು ಮಾತ್ರ ಬಹಳ ಕಾಲ ಯಾರೂ ಗಮನಿಸಲಿಲ್ಲ. ಇದು ಅನ್ಯಾಯ ಅಲ್ವಾ?

ಆ ಕೆಲಸದ ಬೆಲೆ ತಿಳಿದವರು ದಕ್ಷಿಣ ಆಫ್ರಿಕಾದ ಜೋಸೆಫ್ ವೋಲ್ಪೆ. ಎರಡನೇ ಮಹಾಯುದ್ಧದಲ್ಲಿ ಅವರು ಸೇನಾ ವೈದ್ಯರು. ಯುದ್ಧದ ಆಘಾತದಿಂದ ನಲುಗಿದವರಿಗೆ ಔಷಧಿ ಕೊಟ್ಟು ಮಾತಾಡಿಸುವ ಚಿಕಿತ್ಸೆಯಿಂದ ಹೆಚ್ಚೇನೂ ಪ್ರಯೋಜನ ಆಗಲಿಲ್ಲ. ಆಮೇಲೆ ಅವರು ಬೆಕ್ಕುಗಳ ಮೇಲೆ ಪ್ರಯೋಗ ಮಾಡಿದರು. ಪಂಜರದಲ್ಲಿ ಶಾಕ್ ತಿಂದ ಬೆಕ್ಕು ಆ ಕೋಣೆಯಲ್ಲಿ ಊಟ ಮುಟ್ಟುತ್ತಿರಲಿಲ್ಲ. ಆ ಕೋಣೆಯನ್ನು ಅಷ್ಟಾಗಿ ಹೋಲದ ಜಾಗದಿಂದ ಶುರುಮಾಡಿ, ಹಂತಹಂತವಾಗಿ ಪಂಜರದವರೆಗೆ ತಂದು ಉಣಿಸಿದಾಗ ಭಯ ಇಳಿಯಿತು. 1958ರಲ್ಲಿ ಅವರು ಇದನ್ನು ಮನುಷ್ಯರ ಚಿಕಿತ್ಸೆಯಾಗಿ ಮುಂದಿಟ್ಟರು. ಮೈ ಸಡಿಲಿಸಿಕೊಂಡು, ಹೆದರಿಸುವ ಸಂಗತಿಗಳನ್ನು ಚಿಕ್ಕದರಿಂದ ದೊಡ್ಡದರವರೆಗೆ ಮನಸ್ಸಿನಲ್ಲಿ ತಂದುಕೊಳ್ಳುವುದೇ ಆ ವಿಧಾನ. ಮುಂದೆ ಲಂಡನ್‌ನ ಮಾಡ್ಸ್‌ಲಿ ಆಸ್ಪತ್ರೆಯಲ್ಲಿ ಐಸಾಕ್ ಮಾರ್ಕ್ಸ್ ಮತ್ತು ಜೊತೆಗಾರರು, ಕಲ್ಪನೆಗಿಂತ ನಿಜವಾದ ಬಸ್ಸು, ನಿಜವಾದ ಮಾರುಕಟ್ಟೆಗೆ ಹೋಗಿ ನಿಲ್ಲುವುದೇ ಜಾಸ್ತಿ ಕೆಲಸ ಮಾಡುತ್ತದೆ ಎಂದು ತೋರಿಸಿದರು.

ಆದರೆ ಬಸ್ಸು, ಮೊಲ, ಬೆಕ್ಕಿನ ಪಂಜರ ಎಲ್ಲ ಹೊರಗಿನವು. ಪ್ಯಾನಿಕ್ ಯಾವ ಕಾರಣವೂ ಇಲ್ಲದೆ, ಟಿವಿ ನೋಡುತ್ತಾ ಕೂತಾಗಲೂ ಬರುತ್ತದಲ್ಲ, ಅದಕ್ಕೇನು ಮಾಡಬೇಕು?

ಇಲ್ಲಿ ಕಥೆಗೆ ಒಂದು ಮಾತ್ರೆ ಬಂತು. 1959ರ ಸುಮಾರಿಗೆ ನ್ಯೂಯಾರ್ಕ್‌ನ ಹಿಲ್‌ಸೈಡ್ ಆಸ್ಪತ್ರೆಯಲ್ಲಿ ಮನೋವೈದ್ಯ ಡೊನಾಲ್ಡ್ ಕ್ಲೈನ್ ಇಮಿಪ್ರಮೈನ್ ಎಂಬ ಹೊಸ ಔಷಧಿ ಕೊಟ್ಟು ನೋಡುತ್ತಿದ್ದರು. ಕೆಲವು ವಾರವಾದರೂ ರೋಗಿಗಳು 'ಏನೂ ವಾಸಿಯಾಗಿಲ್ಲ' ಎಂದೇ ಹೇಳುತ್ತಿದ್ದರು. ವ್ಯತ್ಯಾಸ ಕಂಡಿದ್ದು ನರ್ಸ್‌ಗಳಿಗೆ. ದಿನಾ 'ಸಾಯ್ತಾ ಇದೀನಿ' ಎಂದು ಅವರ ಬಳಿ ಓಡಿ ಬರುತ್ತಿದ್ದವರು ಈಗ ಬರುತ್ತಿರಲಿಲ್ಲ. ಪ್ಯಾನಿಕ್ ದಾಳಿ ನಿಂತಿತ್ತು, ಆದರೆ 'ಮತ್ತೆ ಬಂದರೆ?' ಎಂಬ ಆತಂಕ ನಿಂತಿರಲಿಲ್ಲ. ಒಬ್ಬರೇ ಹೊರಗೆ ಹೋಗಲು ಇನ್ನೂ ಹೆದರುತ್ತಿದ್ದರು. ಹೀಗೆ ದಾಳಿಯೇ ಬೇರೆ, ಅದರ ಬಗೆಗಿನ ಆತಂಕವೇ ಬೇರೆ ಎಂದು ಕ್ಲೈನ್ ವಾದಿಸಿದರು. 1980ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿಯ ಮೂರನೇ ಆವೃತ್ತಿ ಪ್ಯಾನಿಕ್ ಅನ್ನು ಬೇರೆಯೇ ಕಾಯಿಲೆಯಾಗಿ ಪಟ್ಟಿ ಮಾಡಿತು.

ಮುಂದಿನ ಹೆಜ್ಜೆ ಆಕ್ಸ್‌ಫರ್ಡ್‌ನಲ್ಲಿ. 1986ರಲ್ಲಿ ಮನಶ್ಶಾಸ್ತ್ರಜ್ಞ ಡೇವಿಡ್ ಕ್ಲಾರ್ಕ್ ಒಂದು ಸರಳ ಚಕ್ರವನ್ನು ವಿವರಿಸಿದರು. ಎದೆ ಸ್ವಲ್ಪ ಜೋರಾಗಿ ಬಡಿಯುತ್ತದೆ. ಮೆಟ್ಟಿಲು ಹತ್ತಿದ್ದಕ್ಕೋ, ಕಾಫಿ ಜಾಸ್ತಿಯಾಗಿದ್ದಕ್ಕೋ ಇರಬಹುದು. 'ಹಾರ್ಟ್ ಅಟ್ಯಾಕ್!' ಎಂದು ಮನಸ್ಸು ಓದಿಕೊಳ್ಳುತ್ತದೆ. ಆ ಹೆದರಿಕೆಗೆ ಬಡಿತ ಇನ್ನೂ ಏರುತ್ತದೆ. ಏರಿದ ಬಡಿತ ಹೆದರಿಕೆಯನ್ನು ಖಚಿತ ಮಾಡುತ್ತದೆ. ಕೆಲವೇ ನಿಮಿಷದಲ್ಲಿ ಅದು ತುತ್ತತುದಿ ಮುಟ್ಟುತ್ತದೆ.

ಹಾಗಾದರೆ ಹತ್ತಾರು ಸಲ ಬದುಕಿ ಬಂದ ಮೇಲೂ 'ಇದರಿಂದ ಸಾಯಲ್ಲ' ಎಂದು ಯಾಕೆ ಕಲಿಯುವುದಿಲ್ಲ? ನನ್ನ ಪಾಲಿಗೆ ಇಡೀ ಕಥೆಯ ತಿರುಳು ಈ ಪ್ರಶ್ನೆ. ಇದಕ್ಕೆ ಒಳ್ಳೆಯ ಉತ್ತರ ಕೊಟ್ಟವರು ಪಾಲ್ ಸಾಲ್ಕೋವ್ಸ್ಕಿಸ್, 1991ರಲ್ಲಿ. ದಾಳಿ ಬಂದಾಗ ಮನುಷ್ಯ ಸುಮ್ಮನಿರುವುದಿಲ್ಲ. ಗೋಡೆ ಹಿಡಿಯುತ್ತಾನೆ, ನೀರು ಕುಡಿಯುತ್ತಾನೆ, ನಾಡಿ ನೋಡಿಕೊಳ್ಳುತ್ತಾನೆ, ಯಾರನ್ನಾದರೂ ಕರೆಯುತ್ತಾನೆ. ಸಾಯಲಿಲ್ಲ. ಆಗ ಮನಸ್ಸು ಲೆಕ್ಕ ಹಾಕುವುದು ಹೀಗೆ: 'ಕೂತುಕೊಂಡೆ, ಅದಕ್ಕೇ ಬದುಕಿದೆ.' ಕಾಪಾಡಿಕೊಳ್ಳಲು ಮಾಡಿದ್ದೇ ಭಯವನ್ನು ಕಾಪಾಡುತ್ತದೆ. ಬ್ಯಾಗಿನಲ್ಲಿ ಸದಾ ಇರುವ ಮಾತ್ರೆ, ಜೊತೆಗೊಬ್ಬರು ಇಲ್ಲದೆ ಮನೆ ದಾಟದಿರುವುದು, ತಿಂಗಳಿಗೊಂದು ಇಸಿಜಿ, ಎಲ್ಲದರ ಕೆಲಸವೂ ಇದೇ.

ಬಾಸ್ಟನ್ ಮತ್ತು ಆಲ್ಬನಿಯಲ್ಲಿ ಕೆಲಸ ಮಾಡಿದ ಡೇವಿಡ್ ಬಾರ್ಲೊ ಇದಕ್ಕೆ ತಕ್ಕ ಅಭ್ಯಾಸ ರೂಪಿಸಿದರು. ಡಯಲ್ ಪ್ರಯೋಗದಲ್ಲೂ ಇದ್ದವರು ಇವರೇ. ರೋಗಿ ಕುರ್ಚಿಯಲ್ಲಿ ಗರಗರ ತಿರುಗಿ ತಲೆಸುತ್ತು ತರಿಸಿಕೊಳ್ಳುತ್ತಾರೆ. ನಿಂತಲ್ಲೇ ಓಡಿ ಎದೆ ಬಡಿತ ಏರಿಸುತ್ತಾರೆ. ತೆಳು ಸ್ಟ್ರಾದಲ್ಲಿ ಉಸಿರಾಡುತ್ತಾರೆ. ತಾವು ಇಷ್ಟು ದಿನ ಓಡಿ ತಪ್ಪಿಸಿಕೊಂಡ ಅದೇ ಅನುಭವವನ್ನು ತಾವೇ ಕರೆದು, ಏನನ್ನೂ ಹಿಡಿದುಕೊಳ್ಳದೆ, ಅದು ತಾನಾಗಿ ಇಳಿಯುವವರೆಗೆ ಇರುತ್ತಾರೆ. ಕೇಳಲು ಕ್ರೂರ ಅನ್ನಿಸಬಹುದು. ಆದರೆ ತಿಳಿಸಿ ಹೇಳಿ, ರೋಗಿಯ ಒಪ್ಪಿಗೆ ಪಡೆದು, ಹಂತಹಂತವಾಗಿ ಮಾಡುವ ಕೆಲಸ ಇದು. ಹೀಗೆ ಭಯವನ್ನು ಎದುರಿಸುವ ಅಭ್ಯಾಸಕ್ಕೆ 'ಎಕ್ಸ್‌ಪೋಶರ್' ಎಂದು ಹೆಸರು.

2000ರಲ್ಲಿ ಬಾರ್ಲೊ ತಂಡ 312 ರೋಗಿಗಳ ಅಧ್ಯಯನ ಪ್ರಕಟಿಸಿತು. ಇಮಿಪ್ರಮೈನ್, ಈ ಬಗೆಯ ಚಿಕಿತ್ಸೆ, ಎರಡೂ ಸೇರಿಸಿ, ಔಷಧಿಯೇ ಇಲ್ಲದ ಸಕ್ಕರೆ ಗುಳಿಗೆ ಎಂದು ಹೋಲಿಸಿ ನೋಡಿದ್ದರು. ಔಷಧಿಯೂ ಕೆಲಸ ಮಾಡಿತು, ಚಿಕಿತ್ಸೆಯೂ ಮಾಡಿತು. ಎಲ್ಲವನ್ನೂ ನಿಲ್ಲಿಸಿ ಆರು ತಿಂಗಳ ನಂತರ ನೋಡಿದರೆ, ಎರಡನ್ನೂ ಪಡೆದವರಿಗಿಂತ ಬರೀ ಚಿಕಿತ್ಸೆ ಪಡೆದವರು ಚೆನ್ನಾಗಿದ್ದರು. ಮಾತ್ರೆ ಬೇಡ ಎಂದು ಇದರ ಅರ್ಥವಲ್ಲ. ಎಷ್ಟೋ ಜನರಿಗೆ ಅದು ಬೇಕು, ಡಾಕ್ಟರನ್ನು ಕೇಳದೆ ಬಿಡಲೂಬಾರದು.

ಕಲಿತದ್ದು ಹಳೆಯ ಭಯವನ್ನು ಅಳಿಸುವುದಿಲ್ಲ ಎನ್ನುವುದೂ ಈಗ ಗೊತ್ತಿದೆ. ಮನಶ್ಶಾಸ್ತ್ರಜ್ಞ ಮಾರ್ಕ್ ಬೌಟನ್ ಅವರ ಪ್ರಯೋಗಗಳ ಪ್ರಕಾರ ಹೊಸ ಕಲಿಕೆ ಹಳೆಯದರ ಪಕ್ಕದಲ್ಲಿ ಕೂರುತ್ತದೆ ಅಷ್ಟೇ. ಹಾಗಾಗಿ ಹೊಸ ಜಾಗದಲ್ಲಿ, ಕಷ್ಟದ ದಿನಗಳಲ್ಲಿ ಭಯ ಮರಳಬಹುದು. ಅದಕ್ಕೇ ಅಭ್ಯಾಸವನ್ನು ಕ್ಲಿನಿಕ್ಕಿನಲ್ಲಿ ಮಾತ್ರವಲ್ಲ, ಬಸ್ಸಿನಲ್ಲಿ, ಮದುವೆ ಮನೆಯಲ್ಲಿ, ಲಿಫ್ಟಿನಲ್ಲಿ ಬೇರೆಬೇರೆ ಕಡೆ ಮಾಡಿಸುತ್ತಾರೆ.

ನಮ್ಮಲ್ಲಿ ಎದೆ ಹಿಡಿದುಕೊಂಡು ಎಮರ್ಜೆನ್ಸಿಗೆ ಓಡಿದವರಿಗೆ ಸಿಗುವ ಮಾತು ಸಾಮಾನ್ಯವಾಗಿ 'ಏನೂ ಇಲ್ಲ, ಗ್ಯಾಸ್ಟ್ರಿಕ್ ಇರಬೇಕು, ಟೆನ್ಶನ್ ಮಾಡ್ಕೋಬೇಡಿ'. ಎದೆನೋವು ಬಂದರೆ ಹೃದಯ ಪರೀಕ್ಷೆ ಮಾಡಿಸಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಇಸಿಜಿ ನಾರ್ಮಲ್ ಬಂದು, ಮತ್ತೆ ಮತ್ತೆ ಹೀಗೇ ಆಗುತ್ತಿದ್ದರೆ, 'ಏನೂ ಇಲ್ಲ' ಎಂದು ಕಳಿಸುವುದು ಚಿಕಿತ್ಸೆಯಲ್ಲ. ಇದಕ್ಕೆ ಹೆಸರಿದೆ, ಮದ್ದೂ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 1950ರ ದಶಕದಿಂದಲೇ ಕ್ಲಿನಿಕಲ್ ಸೈಕಾಲಜಿ ತರಬೇತಿ ನಡೆಯುತ್ತಿದೆ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಮನಶ್ಶಾಸ್ತ್ರಜ್ಞರ ಬಳಿ ಹೋದಾಗ 'ಎಕ್ಸ್‌ಪೋಶರ್ ಮಾಡಿಸುತ್ತೀರಾ?' ಎಂದು ಬಾಯಿಬಿಟ್ಟು ಕೇಳಿ.