537 ಜನರ ಊರು, 40,208 ಆಸನಗಳ ಅಖಾಡ

ಅಮೆರಿಕದ ಮೊಂಟಾನಾ ರಾಜ್ಯದ ಉತ್ತರದಲ್ಲಿ, ಕೆನಡಾ ಗಡಿಗೆ ಹತ್ತಿರ, ಶೆಲ್ಬಿ ಎಂಬ ಊರಿದೆ. 1920ರ ಜನಗಣತಿ ಅಲ್ಲಿ ಎಣಿಸಿದ್ದು 537 ಜನರನ್ನು. ಮೂರು ವರ್ಷ ಕಳೆಯುವಷ್ಟರಲ್ಲಿ ಅದೇ ಊರು ಮರದ ಹಲಗೆ ಬಡಿದು ಎಂಟು ಮೂಲೆಯ ಅಖಾಡವೊಂದನ್ನು ಎಬ್ಬಿಸಿತು. ಅದರ ಆಸನಗಳು 40,208. 1923ರ ಜುಲೈ 4ರಂದು ಹೆವಿವೇಟ್ ವಿಶ್ವ ಚಾಂಪಿಯನ್ ಜ್ಯಾಕ್ ಡೆಂಪ್ಸಿ ಅಲ್ಲಿ ಟಾಮಿ ಗಿಬನ್ಸ್ ಎದುರು ತನ್ನ ಪಟ್ಟ ಪಣಕ್ಕಿಟ್ಟು ಆಡಿದ. ದುಡ್ಡು ಕೊಟ್ಟು ಟಿಕೆಟ್ ಕೊಂಡವರು ಏಳು ಸಾವಿರ ಚಿಲ್ಲರೆ. ಒಂದು ವಾರದೊಳಗೇ ಸುತ್ತಮುತ್ತಲ ಬ್ಯಾಂಕುಗಳು ಬಾಗಿಲು ಹಾಕತೊಡಗಿದವು.

ಬಾಕ್ಸಿಂಗ್ ಬಲ್ಲವರಿಗೆ ಶೆಲ್ಬಿ ಎಂದರೆ ಇಂದಿಗೂ ನಗು. ಹಳ್ಳಿಗರ ಹುಚ್ಚು ಎಂದು ಎರಡೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ. ಹುಚ್ಚು ಇತ್ತು, ಇಲ್ಲವೆನ್ನಲಾಗದು. ಆದರೆ ಊರನ್ನು ಮುಳುಗಿಸಿದ್ದು ಆ ಹುಚ್ಚಿಗಿಂತ ಹೆಚ್ಚಾಗಿ ಅವರು ಸಹಿ ಹಾಕಿದ ಕರಾರು.

ಇಂಥದ್ದಕ್ಕೆ ಕೈ ಹಾಕಿದ ಮೊದಲ ಸಣ್ಣ ಊರು ಶೆಲ್ಬಿಯೇನಲ್ಲ. 1906ರಲ್ಲಿ ನೆವಾಡಾ ಮರುಭೂಮಿಯ ಗೋಲ್ಡ್‌ಫೀಲ್ಡ್ ಎಂಬ ಚಿನ್ನದ ಗಣಿಯ ಊರು ಜೋ ಗ್ಯಾನ್ಸ್ ಮತ್ತು ಬ್ಯಾಟ್ಲಿಂಗ್ ನೆಲ್ಸನ್ ನಡುವಿನ ಲೈಟ್‌ವೇಟ್ ಪ್ರಶಸ್ತಿ ಪಂದ್ಯವನ್ನು ಕರೆಸಿತ್ತು. ಅದರ ಸೂತ್ರಧಾರ ಟೆಕ್ಸ್ ರಿಕಾರ್ಡ್, ಆಗ ಅಲ್ಲಿ ಸಲೂನ್, ಎಂದರೆ ಮದ್ಯದಂಗಡಿ, ನಡೆಸುತ್ತಿದ್ದವನು. ಬಹುಮಾನದ 30,000 ಡಾಲರಿಗೂ ಮೀರಿದ ಹಣವನ್ನು ಚಿನ್ನದ ನಾಣ್ಯವಾಗಿ ಕಿಟಕಿಯಲ್ಲಿ ಪೇರಿಸಿಟ್ಟು ದಾರಿಹೋಕರಿಗೆಲ್ಲ ತೋರಿಸಿದ. ಪಂದ್ಯ 42 ಸುತ್ತು ನಡೆಯಿತು, ಟಿಕೆಟ್ ಹಣವೂ ಚೆನ್ನಾಗಿಯೇ ಬಂತು. ಆದರೆ ಊರಿಗೆ ಬೇಕಾಗಿದ್ದದ್ದು ಬೇರೆ. ಗಣಿ ಷೇರು ಕೊಳ್ಳುವ ಪೂರ್ವ ಅಮೆರಿಕದ ಶ್ರೀಮಂತರ ಬಾಯಲ್ಲಿ ಗೋಲ್ಡ್‌ಫೀಲ್ಡ್ ಎಂಬ ಹೆಸರು ಆಡಬೇಕಿತ್ತು, ಆಡಿತು.

ಇದೇ ರಿಕಾರ್ಡ್ 1921ರ ಜುಲೈ 2ರಂದು ಜೆರ್ಸಿ ಸಿಟಿಯಲ್ಲಿ ಡೆಂಪ್ಸಿಗೂ ಫ್ರಾನ್ಸಿನ ಜಾರ್ಜ್ ಕಾರ್ಪೆಂಟಿಯೇಗೂ ಪಂದ್ಯ ಏರ್ಪಡಿಸಿದ. ಅದಕ್ಕೂ ಮರದ ಅಖಾಡವನ್ನೇ ಕಟ್ಟಿಸಲಾಗಿತ್ತು. ಟಿಕೆಟ್ ಗಳಿಕೆ ಬಾಕ್ಸಿಂಗಿನಲ್ಲಿ ಮೊದಲ ಬಾರಿಗೆ ಹತ್ತು ಲಕ್ಷ ಡಾಲರ್ ದಾಟಿ, ಹದಿನೇಳು ಲಕ್ಷವನ್ನೂ ಮೀರಿತು. ಪತ್ರಿಕೆ ಓದುವ ಯಾರಿಗಾದರೂ ಆ ಅಂಕಿ ತಲೆಗೆ ಹತ್ತದಿರುತ್ತದೆಯೇ? ಜೆರ್ಸಿ ಸಿಟಿಯಿಂದ ಹಡ್ಸನ್ ನದಿ ದಾಟಿದರೆ ನ್ಯೂಯಾರ್ಕ್ ಎಂಬುದು ಮಾತ್ರ ಬೇಗ ಮರೆತುಹೋಗುತ್ತದೆ.

ಶೆಲ್ಬಿಯ ಸುತ್ತ ಇದ್ದದ್ದು ಗೋಧಿ ಹೊಲ, ಕುರಿ, ಗಾಳಿ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಸರ್ಕಾರ ಪುಕ್ಕಟೆಯಾಗಿ ಹಂಚಿದ ಜಮೀನನ್ನು ನಂಬಿ ಸಾವಿರಾರು ಕುಟುಂಬಗಳು ಉತ್ತರ ಮೊಂಟಾನಾಕ್ಕೆ ಬಂದಿದ್ದವು. 1917ರಿಂದ ಮಳೆ ಕೈಕೊಟ್ಟಿತು. ಮೊದಲ ಮಹಾಯುದ್ಧ ಮುಗಿದ ಮೇಲೆ ಗೋಧಿಯ ಬೆಲೆಯೂ ಕುಸಿಯಿತು. ಬಂದವರು ಗಂಟುಮೂಟೆ ಕಟ್ಟತೊಡಗಿದ ಹೊತ್ತಿಗೆ, 1922ರಲ್ಲಿ, ಶೆಲ್ಬಿಯ ಉತ್ತರಕ್ಕೆ ಕೆವಿನ್–ಸನ್‌ಬರ್ಸ್ಟ್ ಪ್ರದೇಶದಲ್ಲಿ ತೈಲ ಸಿಕ್ಕಿತು. ಊರಿನ ಕಳೆಯೇ ಬದಲಾಯಿತು. ಎಲ್ಲರ ಕಿಸೆಯಲ್ಲೂ ಒಂದು ಸೈಟಿನ ನಕ್ಷೆ. ಆದರೆ ಸೈಟು ಕೊಳ್ಳುವವರು ಬರಬೇಕಾದರೆ ಶೆಲ್ಬಿ ಎಂಬ ಊರು ಇದೆ ಎಂದು ಮೊದಲು ಗೊತ್ತಾಗಬೇಕಲ್ಲ.

ಮೇಯರ್ ಜೇಮ್ಸ್ ಜಾನ್ಸನ್ ಅವರ ಮಗ ಜಾಗದ ವ್ಯಾಪಾರದಲ್ಲಿದ್ದ. ಊರವರು ಕರೆಯುತ್ತಿದ್ದದ್ದು ‘ಬಾಡಿ’ ಜಾನ್ಸನ್ ಎಂದು. ಡೆಂಪ್ಸಿಯ ಪಂದ್ಯಕ್ಕಾಗಿ ಮಾಂಟ್ರಿಯಲ್‌ನವರು ಒಂದು ಲಕ್ಷ ಡಾಲರ್ ಕೊಡಲು ಮುಂದಾಗಿದ್ದಾರೆ ಎಂಬ ಸುದ್ದಿ 1923ರ ಆರಂಭದಲ್ಲಿ ಅವನ ಕಣ್ಣಿಗೆ ಬಿತ್ತು. ನಾವು ಎರಡು ಲಕ್ಷ ಕೊಡುತ್ತೇವೆ ಎಂದು ಅವನು ತಂತಿ ಕಳಿಸಿದ. ಅದು ಬರೀ ಪ್ರಚಾರದ ತಂತ್ರವಾಗಿತ್ತು ಎಂದು ಮುಂದೆ ಅವನೇ ಹೇಳಿಕೊಂಡ. ಯಾರೂ ಒಪ್ಪುವುದಿಲ್ಲ, ಊರಿನ ಹೆಸರು ನಾಲ್ಕು ಪತ್ರಿಕೆಯಲ್ಲಿ ಬಂದರೆ ಸಾಕು ಎಂಬುದು ಲೆಕ್ಕ. ಅಲ್ಲಿಗೇ ನಿಂತಿದ್ದರೆ ಅದು ಒಂದು ತಂತಿಯ ಖರ್ಚಿನಲ್ಲಿ ಸಿಕ್ಕ ಅದ್ಭುತ ಜಾಹೀರಾತಾಗುತ್ತಿತ್ತು.

ಡೆಂಪ್ಸಿಯ ಮ್ಯಾನೇಜರ್ ಜ್ಯಾಕ್ ಕರ್ನ್ಸ್ ಒಪ್ಪಿಬಿಟ್ಟ. ಮೇ ತಿಂಗಳಲ್ಲಿ ಆದ ಕರಾರಿನಂತೆ ಚಾಂಪಿಯನ್‌ಗೆ ಮೂರು ಲಕ್ಷ ಡಾಲರ್ ಖಾತ್ರಿ. ಒಂದು ಲಕ್ಷ ತಕ್ಷಣ, ಇನ್ನೊಂದು ಜೂನ್ 15ಕ್ಕೆ, ಕೊನೆಯದು ಜುಲೈ 2ಕ್ಕೆ. 1920ರ ಜನಸಂಖ್ಯೆಗೆ ಹಂಚಿದರೆ ಹಸುಗೂಸೂ ಸೇರಿ ತಲೆಗೆ ಸುಮಾರು 559 ಡಾಲರ್. ಎದುರಾಳಿ ಗಿಬನ್ಸ್ ಮಿನೆಸೋಟದ ಸೇಂಟ್ ಪಾಲ್‌ನವನು, ನುರಿತ ಆಟಗಾರ, ವಯಸ್ಸು ಮೂವತ್ತು ದಾಟಿತ್ತು. ಚಾಂಪಿಯನ್ ಜೊತೆ ಆಡುವ ಒಂದು ಅವಕಾಶಕ್ಕಾಗಿ ಅವನು, ಡೆಂಪ್ಸಿಗೆ ಕೊಟ್ಟು ಮಿಕ್ಕಿದ್ದರಲ್ಲಿ ತನಗೆ ಪಾಲು ಎಂಬ ಷರತ್ತಿಗೂ ಒಪ್ಪಿಕೊಂಡ.

ಕರ್ನ್ಸ್‌ನ ಜಾಣತನ ಇಲ್ಲಿದೆ. ಟಿಕೆಟ್ ಖರ್ಚಾದರೂ ಆಗದಿದ್ದರೂ ಅವನ ಹಣ ಅವನಿಗೆ ಬರಬೇಕು. ಊರಿಗೋ, ಟಿಕೆಟ್ ಮಾರಿದರೆ ಮಾತ್ರ ಹಣ. ಟಿಕೆಟ್ ಹೋಗಬೇಕಾದರೆ ಪಂದ್ಯ ನಡೆದೇ ನಡೆಯುತ್ತದೆ ಎಂದು ಜನ ನಂಬಬೇಕು. ಪಂದ್ಯ ನಡೆಯಬೇಕಾದರೆ ಕಂತು ಕಟ್ಟಬೇಕು. ಕಂತಿಗೆ ಹಣ ಎಲ್ಲಿಂದ? ಟಿಕೆಟ್‌ನಿಂದ! ಈ ಸುಳಿಗೆ ಸಿಕ್ಕ ಮೇಲೆ ಹೊರಬರುವ ದಾರಿ ಇರಲಿಲ್ಲ. ಜೂನ್ 15 ಬಂದಾಗ ಬೊಕ್ಕಸ ಬಹುತೇಕ ಖಾಲಿ. ಗ್ರೇಟ್ ಫಾಲ್ಸ್ ನಗರದ ಬ್ಯಾಂಕರ್ ಜಾರ್ಜ್ ಸ್ಟ್ಯಾಂಟನ್ ಮುಂದೆ ನಿಂತು ಎರಡನೆಯ ಲಕ್ಷ ಹೊಂದಿಸಿದ. ಮೂರನೆಯದು ಹುಟ್ಟಲೇ ಇಲ್ಲ. ನಗದಿನ ಬದಲು ಐವತ್ತು ಸಾವಿರ ಕುರಿ ಕೊಡುತ್ತೇವೆ ಎಂದರಂತೆ, ನ್ಯೂಯಾರ್ಕಿನ ಫ್ಲ್ಯಾಟಿನಲ್ಲಿ ಅಷ್ಟು ಕುರಿ ಕಟ್ಟಿಕೊಂಡು ಏನು ಮಾಡಲಿ ಎಂದು ಕರ್ನ್ಸ್ ಕೇಳಿದನಂತೆ. ಈ ಕಥೆಗೆ ಎಷ್ಟು ರೆಕ್ಕೆಪುಕ್ಕ ಸೇರಿದೆಯೋ, ಆದರೆ ಶೆಲ್ಬಿಯ ಹೆಸರು ಎತ್ತಿದಲ್ಲೆಲ್ಲ ಇದೂ ಬರುತ್ತದೆ.

ಒಂದೊಂದು ಕಂತಿನ ಜಗ್ಗಾಟವೂ ದೇಶದ ಪತ್ರಿಕೆಗಳಲ್ಲಿ ಸುದ್ದಿಯಾಯಿತು. ಇಂದು ಪಂದ್ಯ ಉಂಟು, ನಾಳೆ ಇಲ್ಲ. ದೂರದ ಊರುಗಳಿಂದ ಹೊರಡಬೇಕಿದ್ದವರು ಮನೆಯಲ್ಲೇ ಉಳಿದರು, ಗ್ರೇಟ್ ನಾರ್ದರ್ನ್ ರೈಲ್ವೆ ವಿಶೇಷ ರೈಲುಗಳನ್ನು ರದ್ದು ಮಾಡಿತು. ಶೆಲ್ಬಿಯಂಥ ಕಡೆಗೆ ರೈಲು ಬಿಟ್ಟರೆ ಇನ್ನಾವ ದಾರಿಯಲ್ಲಿ ಹತ್ತಾರು ಸಾವಿರ ಜನ ಬರಬೇಕು? ಊರು ಆಸೆಪಟ್ಟ ಪ್ರಚಾರವೇನೋ ಬೇಕಾದ್ದಕ್ಕಿಂತ ಹೆಚ್ಚು ಸಿಕ್ಕಿತು, ಅದೇ ಟಿಕೆಟ್‌ಗೆ ಮುಳುವಾಯಿತು.

ಹಾಗೆಂದು ಎಲ್ಲವನ್ನೂ ಕರ್ನ್ಸ್ ತಲೆಗೆ ಕಟ್ಟುವುದೂ ಸರಿಯಲ್ಲ. ಕಾಗದದ ಮೇಲಿನ ಲೆಕ್ಕ ಸಲೀಸು: ಟಿಕೆಟ್ ದರ 20ರಿಂದ 50 ಡಾಲರ್, ಆಸನ ನಲವತ್ತು ಸಾವಿರ, ತುಂಬಿದರೆ ಕಡಿಮೆಯೆಂದರೂ ಎಂಟು ಲಕ್ಷ. ಆದರೆ ಆಗ ಇಡೀ ಮೊಂಟಾನಾದ ಜನಸಂಖ್ಯೆಯೇ ಐದೂವರೆ ಲಕ್ಷ. ರಾಜ್ಯದವರೇ ಅಖಾಡ ತುಂಬಬೇಕಾದರೆ ಮಕ್ಕಳು ಮುದುಕರೂ ಸೇರಿ ಹದಿನಾಲ್ಕು ಜನರಲ್ಲಿ ಒಬ್ಬ, ಅದೂ ಬರಗಾಲದಲ್ಲಿ, ಕನಿಷ್ಠ ಇಪ್ಪತ್ತು ಡಾಲರ್ ತೆತ್ತು ಬರಬೇಕು. ಅಷ್ಟು ಹಲಗೆಗೆ ಆರ್ಡರ್ ಕೊಡುವ ಮುಂಚೆ ಯಾರಾದರೂ ಈ ಭಾಗಾಕಾರ ಮಾಡಬಹುದಿತ್ತು.

ಜುಲೈ 4ರ ಮಧ್ಯಾಹ್ನ ಬೇಲಿಯ ಹೊರಗೆ ಸಾವಿರಾರು ಜನ ದರ ಇಳಿಯಲೆಂದು ಕಾದು ನಿಂತಿದ್ದರು. ಮೂರನೆಯ ಕಂತಿನ ಬದಲು ಗೇಟ್ ಕಲೆಕ್ಷನ್ನನ್ನೇ ವಹಿಸಿಕೊಂಡಿದ್ದ ಕರ್ನ್ಸ್ ಕೊನೆಗೆ ಹತ್ತು ಡಾಲರಿಗೆ ಇಳಿದ. ಅಷ್ಟರಲ್ಲಿ ಹಲವರು ಬೇಲಿ ನುಗ್ಗಿ ಒಳಗೆ ಬಂದಾಗಿತ್ತು.

ಪಂದ್ಯ ಮಾತ್ರ ಎಲ್ಲರ ಎಣಿಕೆ ಮೀರಿತು. ಡೆಂಪ್ಸಿ ಎರಡು ವರ್ಷದಿಂದ ಪ್ರಶಸ್ತಿ ಪಂದ್ಯ ಆಡಿರಲಿಲ್ಲ. ಗಿಬನ್ಸ್ ಸರಿದು, ತಪ್ಪಿಸಿ, ಹತ್ತಿರ ಬಂದರೆ ಅಪ್ಪಿಹಿಡಿದು ಹದಿನೈದು ಸುತ್ತೂ ನಿಂತ. ಪಟ್ಟ ಏರಿದ ಮೇಲೆ ಡೆಂಪ್ಸಿಯ ಎದುರು ಪ್ರಶಸ್ತಿ ಪಂದ್ಯದಲ್ಲಿ ಪೂರ್ತಿ ಸುತ್ತು ನಿಂತ ಮೊದಲಿಗ ಅವನೇ. ತೀರ್ಪು ಡೆಂಪ್ಸಿಯ ಕಡೆಗೆ ಹೋಯಿತು, ಚಪ್ಪಾಳೆ ಗಿಬನ್ಸ್‌ಗೆ. ಅವನ ಪಾಲಿಗೆ ಮಿಕ್ಕಿದ ಹಣ ಸೊನ್ನೆ. ಆದರೂ ಆ ಹೆಸರು ಅವನನ್ನು ಕೈಬಿಡಲಿಲ್ಲ: ಮುಂದೆ ತನ್ನ ಊರಿನ ರ‍್ಯಾಮ್ಸಿ ಕೌಂಟಿಗೆ ಶೆರಿಫ್, ಎಂದರೆ ಪೊಲೀಸ್ ಮುಖ್ಯಸ್ಥ, ಆಗಿ ಚುನಾಯಿತನಾದ. ಕರ್ನ್ಸ್ ಗೇಟ್ ಹಣ ಕಟ್ಟಿಕೊಂಡು ಬಾಡಿಗೆ ರೈಲು ಎಂಜಿನ್ ಹತ್ತಿ ಊರು ಬಿಟ್ಟ.

ಜುಲೈ 9ರಂದು ಸ್ಟ್ಯಾಂಟನ್‌ನ ಬ್ಯಾಂಕು ಮುಚ್ಚಿತು, ಮಾರನೆಯ ದಿನ ಶೆಲ್ಬಿಯದೇ ಒಂದು. ಕೆಲವೇ ವಾರಗಳಲ್ಲಿ ಒಟ್ಟು ನಾಲ್ಕು. ಇದನ್ನು ಇಡಿಯಾಗಿ ಪಂದ್ಯದ ಲೆಕ್ಕಕ್ಕೆ ಬರೆಯುವವರು ಒಂದು ಸಂಗತಿ ಬಿಡುತ್ತಾರೆ. 1920ರ ದಶಕದ ಮಧ್ಯದ ಹೊತ್ತಿಗೆ ಮೊಂಟಾನಾದ ಬ್ಯಾಂಕುಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮುಳುಗಿದ್ದವು, ಬಾಕ್ಸಿಂಗ್ ರಿಂಗನ್ನು ಕಣ್ಣಲ್ಲೂ ಕಾಣದ ಊರುಗಳಲ್ಲಿ ಕೂಡ. ರೈತರ ಸಾಲ ವಾಪಸಾಗದೆ ಒಳಗೊಳಗೇ ಟೊಳ್ಳಾಗಿದ್ದ ಬ್ಯಾಂಕುಗಳವು. ಪಂದ್ಯದ ಸುದ್ದಿ ಠೇವಣಿದಾರರನ್ನು ಕೌಂಟರಿನ ಮುಂದೆ ಸಾಲು ನಿಲ್ಲಿಸಿತು, ಟೊಳ್ಳು ಬಯಲಾಯಿತು. ಅಖಾಡದ ಹಲಗೆಗಳನ್ನು ಕಿತ್ತು ಮಾರಿದರು.

ಸೆಪ್ಟೆಂಬರ್ 14ರಂದು ಅದೇ ಡೆಂಪ್ಸಿ ನ್ಯೂಯಾರ್ಕಿನ ಪೋಲೋ ಗ್ರೌಂಡ್ಸ್‌ನಲ್ಲಿ ಅರ್ಜೆಂಟೀನಾದ ಫಿರ್ಪೋ ಜೊತೆ ಆಡಿದ, ಗಳಿಕೆ ಮತ್ತೆ ಹತ್ತು ಲಕ್ಷ ದಾಟಿತು. ಜನ ಎಲ್ಲಿದ್ದಾರೋ ಪಂದ್ಯ ಅಲ್ಲಿರಬೇಕು ಎಂಬ ಈ ಕಟ್ಟನ್ನು ಕೊನೆಗೆ ಸಡಿಲಿಸಿದ್ದು ದೂರಪ್ರಸಾರ. 1965ರಲ್ಲಿ ಮುಹಮ್ಮದ್ ಅಲಿ–ಸನಿ ಲಿಸ್ಟನ್ ಎರಡನೆಯ ಪಂದ್ಯ ಬಾಸ್ಟನ್ ತಪ್ಪಿ ಮೇನ್ ರಾಜ್ಯದ ಲೂಯಿಸ್ಟನ್ ಎಂಬ ಸಣ್ಣ ಊರಿಗೆ ಬಂದಾಗ ಒಳಗಿದ್ದ ಪ್ರೇಕ್ಷಕರು 2,434 ಮಾತ್ರ. ಯಾವ ಬ್ಯಾಂಕೂ ಮುಳುಗಲಿಲ್ಲ, ಏಕೆಂದರೆ ಹಣ ಬರುತ್ತಿದ್ದದ್ದು ದೂರದ ಚಿತ್ರಮಂದಿರಗಳ ಪರದೆಯಿಂದ. ಖಾತ್ರಿ ಹಣದ ಹುಚ್ಚು ಮಾತ್ರ ಬಿಡಲಿಲ್ಲ. 1974ರಲ್ಲಿ ಅಲಿ–ಫೋರ್ಮನ್ ಇಬ್ಬರಿಗೂ ತಲಾ ಐವತ್ತು ಲಕ್ಷ ಡಾಲರ್ ಎಂದಾಗ, ಪಂದ್ಯವನ್ನು ಕಿನ್ಶಾಸಾಕ್ಕೆ ಕರೆಸಿದ್ದು ಜೈರೆಯ (ಇಂದಿನ ಕಾಂಗೋ) ಸರ್ವಾಧಿಕಾರಿ ಮೊಬುಟುವಿನ ಸರ್ಕಾರ. ಶೆಲ್ಬಿಯ ಮೇಯರ್ ಕಳೆದುಕೊಂಡದ್ದರಲ್ಲಿ ತಮ್ಮ ಸ್ವಂತ ದುಡ್ಡೂ ಇತ್ತು. ಮೊಬುಟುವನ್ನು ಲೆಕ್ಕ ಕೇಳುವವರು ಇರಲಿಲ್ಲ.