ಬೇಸರಕ್ಕೆ ಸಿಗರೇಟೇ ಮದ್ದೆಂಬ ನಂಬಿಕೆ ಸಡಿಲಗೊಂಡ ಬಗೆ

ಖಿನ್ನತೆಯಿಂದ ಬಳಲುವವರಿಗೆ ಸಿಗರೇಟು ಬಿಡಿ ಎನ್ನಲು ಬಹಳ ಕಾಲ ವೈದ್ಯರೇ ಹಿಂಜರಿದರು. ಇರುವ ಒಂದು ಆಸರೆಯನ್ನೂ ಕಸಿದರೆ ರೋಗಿ ಇನ್ನಷ್ಟು ಕುಸಿದಾನು ಎಂಬ ಅಂಜಿಕೆ. ಕುಟುಂಬ ವೈದ್ಯರ ಪ್ರಶ್ನಾವಳಿಗಳೂ ಒಂದರ ಮುಖ ಇನ್ನೊಂದು ನೋಡುವುದಿಲ್ಲ. ಖಿನ್ನತೆ ಅಳೆಯುವ ಪಿಎಚ್‌ಕ್ಯೂ-9ರ ಒಂಬತ್ತು ಪ್ರಶ್ನೆಗಳಲ್ಲಿ ತಂಬಾಕಿನ ಸುದ್ದಿಯಿಲ್ಲ. ಬೆಳಿಗ್ಗೆ ಎದ್ದ ಎಷ್ಟು ನಿಮಿಷಕ್ಕೆ ಮೊದಲ ಸಿಗರೇಟು ಹಚ್ಚುತ್ತೀರಿ ಎಂದು ಕೇಳಿ ನಿಕೋಟಿನ್ ಚಟ ಅಳೆಯುವ ಫಾಗರ್‌ಸ್ಟ್ರಾಮ್ ಪರೀಕ್ಷೆಯಲ್ಲಿ ಮನಸ್ಸಿನ ಸುದ್ದಿಯಿಲ್ಲ.

ಖಿನ್ನತೆಗೂ ಸಿಗರೇಟಿಗೂ ಇರುವ ನಂಟು ಎದ್ದು ಕಂಡದ್ದು ಬೇರೇನನ್ನೋ ಹುಡುಕುವಾಗ. ರಕ್ತದೊತ್ತಡದ ಔಷಧ ಕ್ಲೋನಿಡಿನ್ ಧೂಮಪಾನ ಬಿಡಿಸಲು ನೆರವಾಗುತ್ತದೆಯೇ ಎಂದು ನ್ಯೂಯಾರ್ಕಿನ ಮನೋವೈದ್ಯ ಅಲೆಕ್ಸಾಂಡರ್ ಗ್ಲಾಸ್‌ಮನ್ ಪರೀಕ್ಷಿಸುತ್ತಿದ್ದರು. 1988ರಲ್ಲಿ ಪ್ರಕಟವಾದ ಆ ಅಧ್ಯಯನಕ್ಕೆ ಬಂದ ವಿಪರೀತ ಸೇದುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಹಿಂದೊಮ್ಮೆ ಖಿನ್ನತೆ ಅನುಭವಿಸಿದ್ದರು. ಅಂಥವರಿಗೆ ಸಿಗರೇಟು ಬಿಡುವುದೂ ಹೆಚ್ಚು ಕಷ್ಟವಾಗಿತ್ತು.

ಯಾವುದು ಕಾರಣ, ಯಾವುದು ಪರಿಣಾಮ? 1993ರಲ್ಲಿ ಅಮೆರಿಕದ ವರ್ಜೀನಿಯಾದ ಅವಳಿ ಮಹಿಳೆಯರನ್ನು ಅಭ್ಯಸಿಸಿದ ಕೆನೆತ್ ಕೆಂಡ್ಲರ್ ತಂಡ, ಎರಡಕ್ಕೂ ವಂಶವಾಹಿಯ ಬೇರು ಒಂದೇ ಇರಬಹುದು ಎಂದಿತು. ಶ್ವಾಸಕೋಶದ ಕ್ಯಾನ್ಸರ್ ಬಗ್ಗೆ ಸಂಖ್ಯಾಶಾಸ್ತ್ರಜ್ಞ ಫಿಶರ್ 1950ರ ದಶಕದಲ್ಲಿ ಇಂಥದೇ ವಾದ ಹೂಡಿ ಸೋತಿದ್ದರು. ಇಲ್ಲಿ ಮಾತ್ರ ಅದನ್ನು ಅಷ್ಟು ಸುಲಭವಾಗಿ ತಳ್ಳಿಹಾಕಲಾಗದು. 1997ರಲ್ಲಿ ಖಿನ್ನತೆಯ ಔಷಧವಾದ ಬ್ಯುಪ್ರೊಪಿಯಾನ್‌ಗೆ ಧೂಮಪಾನ ಬಿಡಿಸಲೂ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ವಿಚಿತ್ರವೆಂದರೆ, ಖಿನ್ನತೆಯೇ ಇಲ್ಲದವರಲ್ಲೂ ಅದು ಕೆಲಸ ಮಾಡಿತು!

ಹಾಗಾದರೆ ಸೇದಿದಾಗ ಸಿಗುವ ನೆಮ್ಮದಿ ಸುಳ್ಳೇ? ಸುಳ್ಳಲ್ಲ. ರಕ್ತದಲ್ಲಿನ ನಿಕೋಟಿನ್ ಸುಮಾರು ಎರಡು ಗಂಟೆಗೆ ಅರ್ಧಕ್ಕಿಳಿಯುತ್ತದೆ. ಕಿರಿಕಿರಿ, ಮಂಕು ಶುರುವಾಗುತ್ತದೆ. ಮುಂದಿನ ಸಿಗರೇಟು ಅದನ್ನು ಹೋಗಲಾಡಿಸಿ ಮೆಚ್ಚುಗೆ ಗಿಟ್ಟಿಸುತ್ತದೆ. ಮಗುವನ್ನು ಚಿವುಟಿ ತೊಟ್ಟಿಲು ತೂಗುವ ಜಾಣತನ ಇದು. 2014ರಲ್ಲಿ ಬ್ರಿಟನ್ನಿನ ಸಂಶೋಧಕರು 26 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಬಿಟ್ಟವರಲ್ಲಿ ಖಿನ್ನತೆ, ಆತಂಕ ಎರಡೂ ಕಡಿಮೆಯಾಗಿದ್ದವು. 2016ರಲ್ಲಿ ಪ್ರಕಟವಾದ, ಎಂಟು ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದ ಈಗಲ್ಸ್ ಪ್ರಯೋಗದಲ್ಲಿ ಸುಮಾರು ಅರ್ಧದಷ್ಟು ಮಂದಿ ಮನೋರೋಗದ ಹಿನ್ನೆಲೆಯವರು. ಧೂಮಪಾನ ಬಿಡಿಸುವ ಔಷಧಗಳು ಮನಸ್ಸನ್ನು ಕೆಡಿಸುತ್ತವೆ ಎಂಬ ಭಯವನ್ನು ಅದು ಬಹುಮಟ್ಟಿಗೆ ತಗ್ಗಿಸಿತು.

ಆದರೂ ಮೊದಲ ಕೆಲವು ವಾರ ಮನಸ್ಸು ಮಂಕಾಗುವುದುಂಟು. ಹಿಂದೆ ಖಿನ್ನತೆ ಕಂಡವರ ಮೇಲೆ ಆಗ ನಿಗಾ ಬೇಕು. ಇನ್ನೊಂದು ವಿಷಯ ರೋಗಿಗಳಿಗೆ ಗೊತ್ತಿರುವುದು ಕಡಿಮೆ. ಹೊಗೆಯು ಯಕೃತ್ತಿನ ಒಂದು ಕಿಣ್ವವನ್ನು ಚುರುಕುಗೊಳಿಸುವುದರಿಂದ ಡುಲೋಕ್ಸೆಟಿನ್‌ನಂಥ ಖಿನ್ನತೆಯ ಮಾತ್ರೆಗಳು ಸೇದುವವರ ರಕ್ತದಲ್ಲಿ ಕಡಿಮೆ ಉಳಿಯುತ್ತವೆ. ಸೇದುವುದನ್ನು ನಿಲ್ಲಿಸಿದರೆ ಅದೇ ಡೋಸ್ ಹೆಚ್ಚಾದೀತು. ಬಿಟ್ಟ ಸುದ್ದಿಯನ್ನು ಮಾತ್ರೆ ಬರೆದುಕೊಟ್ಟ ವೈದ್ಯರಿಗೂ ತಿಳಿಸಬೇಕು.